ತೇಜಶ್ರೀ ಮಾಡುತ್ತಿದ್ದ ಕಾರ್ಡು

ಹಲಸೂರು,
ಶನಿವಾರ

ಮುನಿಲಕ್ಷ್ಮಿ ಅವರಿಗೆ ನಮಸ್ಕಾರ.

ನಾನು ತೇಜಶ್ರೀಯ ಕ್ಲಾಸ್ ಟೀಚರ್ ಸುಕನ್ಯಾ. ನಿನ್ನೆ ಅವಳು ಅಳುತ್ತಾ ಮನೆಗೆ ಬಂದಿದ್ದರೆ ಅದಕ್ಕೆ ಕಾರಣ ನಾನು.

ಮಕ್ಕಳೆಲ್ಲ ತಮಗೆ ಇಷ್ಟವಾದವರಿಗೆ ಥ್ಯಾಂಕ್ಯೂ ಕಾರ್ಡ್ ಮಾಡುತ್ತಿದ್ದರು. ತೇಜಶ್ರೀ ನವಿಲಿನ ಚಿತ್ತಾರವಿದ್ದ ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಿದ್ದಳು. ನಮ್ಮ ತರಗತಿಯ ಬೀರುವಿನಲ್ಲಿದ್ದ ಚಿತ್ತಾರದ ಕಾಗದದ ಕಟ್ಟು ಬೆಳಿಗ್ಗೆಯಿಂದ ಕಾಣುತ್ತಿರಲಿಲ್ಲ. "ಇದನ್ನ ಎಲ್ಲಿಂದ ತಗೊಂಡೆ?" ಎಂದು ಎಲ್ಲರೆದುರು ಗದರಿದೆ.

"ನಮ್ಮಮ್ಮ ಶಿವಾಜಿನಗರದ ಪ್ರೆಸ್ಸಲ್ಲಿ ಕೆಲ್ಸ ಮಾಡ್ತಾರೆ ಮಿಸ್. ಮದ್ವೆ ಕಾರ್ಡ್ ಕಟ್ ಮಾಡಿ ಉಳಿದಿದ್ದನ್ನ ತಂದ್ಕೊಡ್ತಾರೆ" ಎಂದಳು.

ನಾನು ನಂಬಲಿಲ್ಲ. ಅವಳ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ನೀವು ಜೋಡಿಸಿ ಕಳಿಸಿದ್ದ ಕಾಗದದ ಚೂರುಗಳು ಬಿದ್ದವು. ಅವನ್ನೇ ಸಾಕ್ಷಿಯಂತೆ ಎತ್ತಿ ಮಕ್ಕಳಿಗೆ ತೋರಿಸಿದೆ. ಕಾರ್ಡನ್ನೂ ಕಿತ್ತುಕೊಂಡೆ.

ಸಂಜೆ ನಮ್ಮ ಕಟ್ಟು ಸಿಕ್ಕಿತು. ಪಕ್ಕದ ತರಗತಿಯ ಟೀಚರಿಗೆ ನಾನೇ ಕೊಟ್ಟು ಮರೆತಿದ್ದೆ. ಆಮೇಲೆ ತೇಜಶ್ರೀಯ ಕಾರ್ಡನ್ನು ತೆರೆದು ನೋಡಿದೆ. ಒಳಗೆ "ಸುಕನ್ಯಾ ಮಿಸ್‌ಗೆ" ಎಂದಿತ್ತು. ಮುಂದಿನ ಸಾಲನ್ನು ಅವಳಿನ್ನೂ ಬರೆದಿರಲಿಲ್ಲ.

ಸೋಮವಾರ ದಯವಿಟ್ಟು ಅವಳನ್ನು ಶಾಲೆಗೆ ಕಳಿಸಿ. ಅದೇ ಮಕ್ಕಳ ಮುಂದೆ ನಿಂತು ತಪ್ಪು ನನ್ನದೆಂದು ಹೇಳುತ್ತೇನೆ. ನಿಮಗೆ ಪ್ರೆಸ್ಸಿನಲ್ಲಿ ರಜೆ ಸಿಕ್ಕರೆ ನೀವೂ ಬನ್ನಿ. ಅಲ್ಲಿಯವರೆಗೆ ಒಂದೇ ಕೋರಿಕೆ: "ಹೋಗ್ಲಿ ಬಿಡು, ಮಿಸ್ ಅಲ್ವಾ" ಎಂದು ಮಾತ್ರ ಅವಳಿಗೆ ಹೇಳಬೇಡಿ.

ತಲೆತಗ್ಗಿಸಿ,
ಸುಕನ್ಯಾ