ಗುರುವಾರದ ಅಮ್ಮ

ಫೆಬ್ರವರಿ ೧೭, ಸೋಮವಾರ. ಮಧ್ಯಾಹ್ನ

ಇವತ್ತೂ ಎರಡು ಕ್ಯಾನ್ ವಾಪಸ್. ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು, ಹಾಲು ಹುಳಿ ಹಿಡಿಯುತ್ತಿದೆ. ಸೂಪರ್‌ವೈಸರ್ ಮೊದಲು ಒಪ್ಪಲಿಲ್ಲ. ಆಸಾಮಿ ಮನೆಯಲ್ಲಿ ಟೋಪಿ ಹಾಕಿಕೊಂಡು ಮಲಗಿರುತ್ತಾನೆ, ಡೈರಿಗೆ ಬರುವುದು ಅಲ್ಲಿಂದಲೇ ಅವನು ಓಡಿಸುವ ಗೊಂಬೆ. ಅದಕ್ಕೆ ಕಣ್ಣು, ಕಿವಿ, ಬಾಯಿ ಎಲ್ಲ ಇದೆ. ಮೂಗಿಲ್ಲ. ಯಾವ ಗೊಂಬೆಗೂ ಇಲ್ಲ. ಅದಕ್ಕೇ ನನಗೆ ಹಾಲು ಮೂಸಿ ನೋಡುವ ಈ ಕೆಲಸ ಉಳಿದಿರುವುದು. ಮೂಗಿಲ್ಲದವನು ನನಗೆ ಹಾಲಿನ ವಾಸನೆಯ ಪಾಠ ಹೇಳಿದ. ಮೈ ಉರಿಯಿತು.

ಬಸ್ಸಿನ ತುಂಬ ಗೊಂಬೆಗಳು. ಒಂದು ತೊಡೆ ಕೆರೆಯುತ್ತದೆ, ಇನ್ನೊಂದು ಕುತ್ತಿಗೆ. ಮನೆಯಲ್ಲಿ ಮಲಗಿದವರಿಗೆ ಎಲ್ಲಿ ತುರಿಸುತ್ತದೋ ಗೊಂಬೆಯ ಕೈ ಅಲ್ಲಿಗೇ ಹೋಗುತ್ತದೆ. ಪ್ಲಾಸ್ಟಿಕ್ ಮೇಲೆ ಕರಕರ ಸದ್ದು. ಮೊದಲೆಲ್ಲ ನಗು ಬರುತ್ತಿತ್ತು.

ಅಣ್ಣನಿಗೆ ಫೋನ್ ಮಾಡಿದೆ. ಅಮ್ಮನನ್ನು ನೋಡಲು ಬರಲಾ ಅಂದರೆ ಮತ್ತೆ ಅದೇ ರಾಗ — ಸೊಂಟ ಮುರಿದು ಮಲಗಿದವಳು, ಹೊರಗಿನವರು ಬಂದರೆ ಇನ್‌ಫೆಕ್ಷನ್. ನಾನು ಹೊರಗಿನವಳಂತೆ! ಗುರುವಾರ ಗುರುವಾರ ಅವಳ ಗೊಂಬೆ ನಿನ್ನ ಮನೆಗೆ ಬರುತ್ತದಲ್ಲ, ಸಾಲದಾ ಅಂದ. ಕುಡಿದು ಗೊಂಬೆ ಓಡಿಸಿ ರಸ್ತೆಯಲ್ಲಿ ಯಾರದೋ ಕೈ ಮುರಿದವನು ಇವನು. ಲೈಸೆನ್ಸ್ ಹೋಯಿತು, ಗೊಂಬೆಯೂ ಹೋಯಿತು. ಕಾಲಿದೆಯಲ್ಲ, ನಡೆದು ಹೋಗು ಅಂದರೆ ಮುಖ ಊದಿಸುತ್ತಾನೆ.

ಫೆಬ್ರವರಿ ೨೦, ಗುರುವಾರ

ಅಮ್ಮ ಬಂದಳು. ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಯಾರಿಗೂ ಹೇಳದ್ದು ಹೇಳಿದೆ — ಗಂಡ ಬಿಟ್ಟುಹೋದದ್ದು ಯಾವಳಿಗಾಗಿಯೂ ಅಲ್ಲ, ನನ್ನ ಬಾಯಿ ತಡೆಯಲಾರದೆ. ತಲೆ ಸವರಿದಳು. ಗೊಂಬೆಯ ಗಟ್ಟಿ ಕೈ, ಆದರೂ ಹಿತವಾಗಿತ್ತು.

ಇವತ್ತೂ ಒಂದು ಸಲವೂ ಮಂಡಿ ಕೆರೆದುಕೊಳ್ಳಲಿಲ್ಲ, ಎಷ್ಟೋ ವಾರದಿಂದ ಹಾಗೇ. ಹಿಂದೆ ಮಂಡಿ ಆಪರೇಷನ್ ಆದಾಗಿನಿಂದ ಅಲ್ಲಿ ಸದಾ ತುರಿಕೆ ಇತ್ತು ಅವಳಿಗೆ. ವಾಸಿಯಾಗಿರಬೇಕು.

ಮಾರ್ಚ್ ೬, ಗುರುವಾರ. ಸಂಜೆ

ಅಮ್ಮನಿಗೆ ಗುಟ್ಟು ಹೇಳಿದೆ. ಶನಿವಾರ ಬಂದು ನಿನ್ನನ್ನು ಇಲ್ಲಿಗೇ ಕರೆತರುತ್ತೇನೆ, ಹಾಲಿನ ವ್ಯಾನಿನ ಡ್ರೈವರ್ ಒಪ್ಪಿದ್ದಾನೆ, ಅಣ್ಣನಿಗೆ ಹೇಳಬೇಡ.

 ಅವಳ ಕೈ ಮೇಲಕ್ಕೆ ಹೋಯಿತು. ಮಂಡಿಗಲ್ಲ. ಗದ್ದದ ಕೆಳಗೆ... ಉಗುರಿನ ಹಿಂಬದಿಯಿಂದ, ಕೆಳಗಿನಿಂದ ಮೇಲಕ್ಕೆ. ಕರಕರ. ಕುರುಚಲು ಗಡ್ಡ ಬಿಟ್ಟವನು ಕೆರೆದುಕೊಳ್ಳುವ ಹಾಗೆ. ಅಣ್ಣ ಮೀಸೆ ಮೂಡಿದಾಗಿನಿಂದ ಕೆರೆದುಕೊಳ್ಳುವ ಹಾಗೆ.

"ನಿಮ್ಮಣ್ಣಂಗೆ ಬೇಜಾರಾಗುತ್ತೆ ಕಣೇ. ಈ ಶನಿವಾರ ಬೇಡ."

ಪಕ್ಕಾ ಅಮ್ಮನ ದನಿ. ಗೊಂಬೆಗೆ ತುಂಬಿಸಿದ್ದು ಅವಳ ದನಿಯೇ ತಾನೇ, ಯಾರು ಮಾತಾಡಿದರೂ ಅದೇ ಬರುತ್ತದೆ. ಆಯ್ತು ಬಿಡಮ್ಮ ಅಂದೆ. ಲೋಟ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಅದೇ ದಿನ, ಅದು ಹೋದ ಮೇಲೆ

ಗೊಂಬೆ ಓಡಬೇಕಾದರೆ ಅದರ ಯಜಮಾನಿಯ ನಾಡಿ ಬೇಕು. ಕೈಗೆ ಪಟ್ಟಿ ಕಟ್ಟಿ ಮಲಗಿರಬೇಕು. ಟೋಪಿಯನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪಟ್ಟಿ ಅಮ್ಮನ ಕೈಗೆ, ಟೋಪಿ ಅಣ್ಣನ ತಲೆಗೆ. ಊರು ಸುತ್ತಲು ಅಮ್ಮನ ಗೊಂಬೆ! ಅಮ್ಮ ಇದಕ್ಕೆ ಸುಮ್ಮನಿರುವವಳಲ್ಲ. ಇವನು ಸುಮ್ಮನಾಗಿಸಿದ್ದಾನೆ. ಪಾಪಿ. ಇನ್ನು ಅವಳನ್ನು ಎಲ್ಲಿಗೆ ಸಾಗಿಸುತ್ತಾನೋ. ಪ್ಲಾನ್ ಪೂರ್ತಿ ಇವನ ಕಿವಿಗೇ ಊದಿದ್ದೇನೆ, ದಡ್ಡಿ ನಾನು.

ಪೊಲೀಸರ ಹತ್ತಿರ ಹೋದೆ. ಗದ್ದ ಕೆರೆದದ್ದಕ್ಕೆಲ್ಲ ಕಂಪ್ಲೇಂಟ್ ತಗೊಳ್ಳಲ್ಲ ಅಂದರು. ಅಲ್ಲಿ ಕೂತಿದ್ದದ್ದೂ ಒಂದು ಗೊಂಬೆ.

ಮಾರ್ಚ್ ೭, ಶುಕ್ರವಾರ. ವ್ಯಾನಿನಲ್ಲಿ

ಅಕ್ಷರ ಕುಣಿಯುತ್ತಿವೆ. ಬೆಳಿಗ್ಗೆ ಗೊಂಬೆಗೆ ಫೋನ್ ಮಾಡಿದೆ. ಗ್ಯಾಸ್ ಸಿಲಿಂಡರ್ ಬರುತ್ತೆ, ನನಗೆ ಡ್ಯೂಟಿ ಇದೆ, ಬಂದು ಕೂತಿರಮ್ಮ. ಒಪ್ಪಿತು. ಅಮ್ಮನ ವೇಷ ಹಾಕಿದ ಮೇಲೆ ಅಮ್ಮನ ಹಾಗೆ ಬರಲೇಬೇಕಲ್ಲ. ಒಳಗೆ ಕೂರಿಸಿ ಹೊರಗಿನಿಂದ ಬೀಗ ಜಡಿದೆ. ಈಗ ಅವನ ಕಣ್ಣು ನನ್ನ ಅಡುಗೆಮನೆಯಲ್ಲಿದೆ. ತನ್ನ ಮನೆಗೆ ಯಾರು ಬಂದರೂ ಕಾಣದು. ಬೀಗ ಗಮನಿಸುವಷ್ಟರಲ್ಲಿ—

ಮಾರ್ಚ್ ೮, ಶನಿವಾರ

ನಿನ್ನೆ ನನ್ನ ಕೈಯಲ್ಲಿ, ಹಿಂದೆ ಅಮ್ಮ ಕೊಟ್ಟಿದ್ದ ಅವರ ಮನೆಯ ಕೀ ಇತ್ತು. ಬಾಗಿಲು ತೆಗೆದಾಗಲೇ ಮೂಗು ಎಲ್ಲ ಹೇಳಿತು. ಒದ್ದೆ ಹಾಸಿಗೆ, ಕೀವು, ನಿದ್ದೆ ಔಷಧಿಯ ಕಹಿ. ಅಲ್ಲಿಗೆ ಬರುವ ನರ್ಸ್ ಕೂಡ ಗೊಂಬೆ. ಮೂಗಿಲ್ಲದ್ದು. ಗೋಡೆಯ ಚಾರ್ಟಿನಲ್ಲಿ ಎಲ್ಲ ಸರಿಯಿದೆ ಅಂತ ಬರೆದು ಹೋಗಿದೆ.

ಎರಡು ಮಂಚ. ಒಂದರಲ್ಲಿ ಅಮ್ಮ, ಕಡ್ಡಿಯಾಗಿ. ಪಕ್ಕದಲ್ಲಿ ಅಣ್ಣ, ಟೋಪಿ ಹಾಕಿಕೊಂಡು, ಕುರುಚಲು ಗಡ್ಡದಲ್ಲಿ. ಮಾತಾಡುತ್ತಿದ್ದ.

"ಬಾಗ್ಲು ಯಾಕೇ ಹಾಕ್ಕೊಂಡು ಹೋದೆ? ತೆಗಿಯೇ ಕಂದಾ. ಅಮ್ಮ ಕಣೇ ನಾನು."

ಅವನ ದಪ್ಪ ದನಿ, ಅಮ್ಮನ ಮಾತು. ಕತ್ತು ಹಿಸುಕಲು ಕೈ ಹೋಯಿತು. ಡ್ರೈವರ್ ತಡೆದ. ಮೊದ್ಲು ಅಮ್ಮನ್ನ ಎತ್ತೋಣ ಅಕ್ಕಾ ಅಂದ. ಹೊದಿಕೆ ಸಮೇತ ಎತ್ತಿದೆವು. ಅಮ್ಮನ ಕೈಯ ಪಟ್ಟಿ ಬಿಚ್ಚಿದ ಕ್ಷಣ ಅವನ ಮಾತು ಅರ್ಧಕ್ಕೆ ನಿಂತಿತು. ಓಡಿದೆವು. ಹಿಂದೆ ಧೊಪ್ಪೆಂದು ಸದ್ದು. ಎದ್ದು ನಿಲ್ಲಲು ಹೋಗಿ ಬಿದ್ದಿದ್ದ. ಕಾಲು ಇರುವುದನ್ನೇ ಮರೆತಿದ್ದಾನೆ.

ಮನೆಯಲ್ಲಿ ಗೊಂಬೆ ಬಾಗಿಲಿಗೆ ಒರಗಿ ಬಿದ್ದಿತ್ತು. ಕಾಲಿನಿಂದ ತಳ್ಳಿ ಒಳಗೆ ಬಂದೆವು. ಡಾಕ್ಟರ್ ಬಂದು ನೋಡಿದರು. ಜೀವಕ್ಕೆ ಭಯವಿಲ್ಲ, ಇನ್ನೊಂದು ವಾರ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಅಂದರು. ಪೊಲೀಸರಿಗೆ ಅವರೇ ಬರೆದರು. ಸೋಮವಾರ ಬರುತ್ತಾರಂತೆ. ಸೋಮವಾರ!

ಮಾರ್ಚ್ ೯, ಭಾನುವಾರ. ಮಧ್ಯಾಹ್ನ

ಅಮ್ಮ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಿದಳು. ಮೊದಲ ಮಾತು —

"ಚಳಿ ಶುರುವಾದಾಗಿಂದ ಒಂದು ಗುರುವಾರನೂ ಬರಕ್ಕಾಗ್ಲಿಲ್ಲ ಕಣೇ. ಬೇಜಾರು ಮಾಡ್ಕೊಂಡ್ಯಾ?"

ಒಂದು ಗುರುವಾರವೂ ಇಲ್ಲ. ಹಾಗಾದರೆ ಆ ಮಡಿಲು... ತಲೆ ಸವರಿದ ಕೈ... ನನ್ನ ಸಂಕಟವನ್ನೆಲ್ಲ ಅವನು ಕೇಳಿದ. ಕೇಳಿ, ಸಮಾಧಾನ ಮಾಡಿ, ಟೋಪಿ ಬಿಚ್ಚಿ, ಪಕ್ಕದ ಮಂಚದಲ್ಲಿದ್ದ ಅಮ್ಮನ ಬಾಯಿಗೆ ನಿದ್ದೆ ಔಷಧಿ ಹುಯ್ದ. ಹಿತವಾಗಿತ್ತು ಅಂತ ಬೇರೆ ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕೋಣವೆಂದುಕೊಂಡೆ. ಬೇಡ, ಇರಲಿ. ಹಿತವಾಗಿದ್ದದ್ದಕ್ಕೇ ಜಾಸ್ತಿ ಸಿಟ್ಟು.

ಅಮ್ಮನಿಗೆ ಕೈ ಎತ್ತಲು ತ್ರಾಣವಿಲ್ಲ. ಮಂಡಿ ತುರಿಸುತ್ತಿದೆಯಂತೆ. ಎಡಗೈಯಲ್ಲಿ ಕೆರೆಯುತ್ತಾ ಬರೆಯುತ್ತಿದ್ದೇನೆ. ಇನ್ನೂ ಸ್ವಲ್ಪ ಕೆಳಗೆ ಅನ್ನುತ್ತಾಳೆ.

ಬಾಗಿಲಾಚೆ ಯಾರೋ. ಬಡಿಯುವ ಮೊದಲೇ ವಾಸನೆ ಬಂತು. ಅದೇ ಕಹಿ ಔಷಧಿ. ಅದರ ಮೇಲೆ ಬೆವರು, ಹಸಿ ಬೆವರು, ನಡೆದು ಬಂದವನದು. ಗೊಂಬೆಯಲ್ಲ. ತಾನೇ ಬಂದಿದ್ದಾನೆ, ಸ್ವಂತ ಕಾಲಲ್ಲಿ. ತಂಗೀ ಅನ್ನುತ್ತಿದ್ದಾನೆ.

ಒಳ್ಳೆಯದೇ ಆಯಿತು. ಗೊಂಬೆಗೆ ಎಷ್ಟು ಬಾರಿಸಿದರೂ ನೋಯುವುದಿಲ್ಲ. ಇವನಿಗೆ—