ಕಚ್ಚಿ ಕುಡಿದ ಮಜ್ಜಿಗೆ

೮-೪-೧೯೮೪, ಭಾನುವಾರ. ತುಮಕೂರು.

ತುಟಿಯ ಮೇಲಿನ ಜ್ವರದ ಗುಳ್ಳೆ ಇನ್ನೂ ಒಣಗಿಲ್ಲ, ಮೀಸೆಯಡಿ ಅಡಗಿದೆ. ಅದು ಅಂಟುತ್ತದೆ, ಯಾರ ಲೋಟಕ್ಕೂ ತುಟಿ ತಾಗಿಸಬೇಡಿ, ಮಕ್ಕಳ ಹತ್ತಿರವಂತೂ ಜೋಪಾನ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಇಂದು ಹಾಗಲವಾಡಿಯಲ್ಲಿ, ಆಫೀಸಿನ ಜುಂಜಪ್ಪನ ಮನೆಯಲ್ಲಿ, ಮಜ್ಜಿಗೆಯನ್ನು ಎತ್ತಿ ಕುಡಿಯತೊಡಗಿದೆ.

"ಏನ್ ಸಾರ್, ಜಾತಿ ಇಲ್ಲ ಅಂತ ಭಾಷಣ ಬಿಗಿಯೋರು, ನಮ್ಮನೇ ಲೋಟ ಕಚ್ಚಿ ಕುಡಿಯಲ್ವಾ?" ಜುಂಜಪ್ಪ ನಕ್ಕ. ಅವನ ಹೆಂಡತಿ ನಿಂಗಮ್ಮ ನಗಲಿಲ್ಲ.

ಮೀಸೆ ಸರಿಸಿ ತೋರಿಸಿದ್ದರೆ ಸಾಕಿತ್ತು. ಹುಣ್ಣು ಕಂಡು ಏನೆಂದುಕೊಳ್ಳುತ್ತಾರೋ ಎಂದು ನಾಚಿ, ಕಚ್ಚಿಯೇ ಕುಡಿದೆ. ನಿಂಗಮ್ಮನ ಮುಖ ಅರಳಿತು. ಅವಳ ತೊಡೆಯ ಮೇಲಿದ್ದ ಮಗು ಕೈಚಾಚಿತು. ಉಳಿದ ಗುಟುಕನ್ನು ಅದೇ ಲೋಟದಲ್ಲಿ ಕುಡಿಸಿದಳು.

ಬೇಡ ಎನ್ನಬೇಕಿತ್ತು. ಮಜ್ಜಿಗೆ ಚೆನ್ನಾಗಿದೆ ಎಂದೆ.