ಅಜ್ಜಿಗೆ ಹೇಳಬೇಕಾದ ಮಾತು

ಅತ್ತಿಗೆಗೆ ನಮಸ್ಕಾರ.

ಫೋನಿನಲ್ಲಿ ಕೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಫ್ರೆಂಚ್ ಕಲಿಸುವವರಲ್ಲವೇ?

ವೃದ್ಧಾಶ್ರಮದಲ್ಲಿ ನಾನು ನೋಡಿಕೊಳ್ಳುವ ಫ್ರೆಂಚ್ ಅಜ್ಜಿಯ ಗಂಡ ಹೋದ ವಾರ ನಿದ್ದೆಯಲ್ಲೇ ತೀರಿಕೊಂಡರು. ಡಾಕ್ಟರು ಅಜ್ಜಿಯ ಮಗನಿಗೆ ಇಂಗ್ಲಿಷಿನಲ್ಲಿ "ಸಾರಿ" ಅಂದರು. ನನಗೂ ಅಜ್ಜಿಗೆ ಹಾಗೆ ಹೇಳಬೇಕೆನಿಸಿತು. ಫೋನಿನಲ್ಲಿ ಹುಡುಕಿದರೆ ಆ ಒಂದು ಪದಕ್ಕೆ ಫ್ರೆಂಚಿನಲ್ಲಿ ನಾಲ್ಕೈದು ಬಂದವು. ಮೊದಲನೆಯದನ್ನು ಹೇಳಿಬಿಟ್ಟೆ. ಅದು ತಪ್ಪು ಮಾಡಿದವರು ಕ್ಷಮೆ ಕೇಳುವ ಮಾತಂತೆ, ಮಗ ಆಮೇಲೆ ಹೇಳಿದರು. ಅಜ್ಜನಿಗೆ ಕೊನೆಯ ಮಾತ್ರೆ ಕೊಟ್ಟವಳು ನಾನೇ. ಈಗ ಅಜ್ಜಿ ನನ್ನ ಕೈಯಿಂದ ನೀರೂ ಕುಡಿಯುವುದಿಲ್ಲ. ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಳ್ಳುತ್ತಾರೆ.

"ಬಾಯೇ ಬಿಡದವಳು ಬಿಟ್ಟೆ ನೋಡು, ಅದೂ ಫ್ರೆಂಚಲ್ಲಿ!" ಅಂತ ಅಡುಗೆಯಕ್ಕ ನಗುತ್ತಾಳೆ. ಅಣ್ಣನಿಗೆ ಹೇಳಬೇಡಿ, ಅವನೂ ಆಡಿಕೊಳ್ಳುತ್ತಾನೆ.

ಸರಿಯಾದ ಪದವನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು ಕಳಿಸಿ.

ಅಥವಾ ಆ ಪದವೇ ಬೇಡ. ಅಜ್ಜನಿಗೆ ಹಲ್ಲಿರಲಿಲ್ಲ, ದಿನವೂ ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿ ಕೊಡುತ್ತಿದ್ದೆ. ಇವತ್ತೂ ಕತ್ತರಿಸಿ ತಟ್ಟೆಯಲ್ಲಿ ಇಟ್ಟೆ, ಇಟ್ಟ ಮೇಲೆ ನೆನಪಾಯಿತು. ಅಷ್ಟನ್ನೇ ಫ್ರೆಂಚಿನಲ್ಲಿ ಬರೆದುಕೊಡಿ, ಕಲಿತುಕೊಂಡು ಹೇಳುತ್ತೇನೆ.

ದಾರಿ ಕಾಯುತ್ತಿರುವ
ನಿಮ್ಮ ನಾದಿನಿ